ಅಕ್ಷರದ ದನಿ ಹುಡುಕಿದ ಬ್ಲೇಸ್ ಪಾಸ್ಕಲ್



ಬ್ಲೇಸ್ ಪಾಸ್ಕಲ್ ಎಂಬ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಒತ್ತಡದ ಪಾಠ ಬಂದಾಗ ನಿಮ್ಮ ಮಗನೋ ಮಗಳೋ ಈ ಹೆಸರನ್ನು ಬಾಯಿಪಾಠ ಮಾಡಿರಬಹುದು. ಒತ್ತಡವನ್ನು ಅಳೆಯುವ ಮಾನಕ್ಕೆ ಅವರದೇ ಹೆಸರು. 1970ರಲ್ಲಿ ರೂಪುಗೊಂಡ ಒಂದು ಕಂಪ್ಯೂಟರ್ ಭಾಷೆಗೂ ಅವರದೇ ಹೆಸರು. ಗಣಿತಜ್ಞ, ವಿಜ್ಞಾನಿ, ದಾರ್ಶನಿಕ, ಕ್ರೈಸ್ತ ವಿಶ್ವಾಸದ ಸಮರ್ಥಕ ಎಂಬ ಬಿರುದುಗಳ ನಡುವೆ ಒಂದು ಪುಟ್ಟ ಸಂಗತಿ ಮರೆಯಾಗಿಬಿಟ್ಟಿದೆ. ಈ ಮಹಾಮೇಧಾವಿ ಎಳೆಯ ಮಕ್ಕಳಿಗೆ ಓದು ಕಲಿಸುವ ಒಂದು ಸುಲಭ ಕ್ರಮವನ್ನು ಯೋಚಿಸಿ ಕೊಟ್ಟವರು. ಬಾಲ್ಯದಲ್ಲಿ ಅವರು ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆಯೇ ಅವರ ಪಾಠಶಾಲೆ, ತಂದೆಯೇ ಗುರು.

ಮಕ್ಕಳಿಗೆ ಮನೆಯಲ್ಲಿಯೇ ಇಂಗ್ಲಿಷ್ ಓದು ಬರಹ ಕಲಿಸಲು ಹೊರಟ ತಂದೆತಾಯಿಗಳು ಇಂದು ಅನೇಕರಿದ್ದಾರೆ. ಅಂಗಡಿಗೆ ಹೋದರೆ ಫೋನಿಕ್ಸ್ ಎಂಬ ಹೆಸರು ಹೊತ್ತ ಪುಸ್ತಕಗಳು, ಕಾರ್ಡುಗಳು, ಪಟಗಳು ಸಾಲಾಗಿ ಕಾಣಸಿಗುತ್ತವೆ. ಯಾವುದನ್ನು ಕೊಳ್ಳುವುದು, ಯಾವುದನ್ನು ಬಿಡುವುದು? ಸಂಜೆಯ ಹೊತ್ತು ಮಗು ಅದೇ ಪದದ ಮುಂದೆ ಹತ್ತನೆಯ ಸಲ ತಡವರಿಸುತ್ತದೆ. ತಾಯಿಯ ದನಿ ಏರುತ್ತದೆ, ಮಗುವಿನ ಕಣ್ಣು ತುಂಬುತ್ತದೆ. ಕೊನೆಗೆ ಯಾರದೋ ಬಾಯಿಂದ ‘ದಡ್ಡ’ ಎಂಬ ಮಾತು ಜಾರಿಬಿಡುತ್ತದೆ. ಆ ಒಂದು ಮಾತು ಮಗುವಿನ ಮನಸ್ಸಿನಲ್ಲಿ ಎಷ್ಟು ವರ್ಷ ಉಳಿಯಬಹುದೆಂದು ನಾವು ಯೋಚಿಸುವುದಿಲ್ಲ. ಇಂತಹ ಮನೆಗಳಿಗೆ ಪಾಸ್ಕಲರ ಜೀವನದಲ್ಲಿ ಒಂದು ಸಾಂತ್ವನವಿದೆ, ಒಂದು ಮಾರ್ಗದರ್ಶನವೂ ಇದೆ.

ತಾಯಿಯಿಲ್ಲದ ಮನೆ

ಬ್ಲೇಸ್ ಪಾಸ್ಕಲ್ 1623ರ ಜೂನ್ 19ರಂದು ಫ್ರಾನ್ಸ್ ದೇಶದ ಓವೆರ್ನ್ ಪ್ರಾಂತ್ಯದ ಕ್ಲೆರ್ಮೋಂ ಪಟ್ಟಣದಲ್ಲಿ ಹುಟ್ಟಿದರು. ತಂದೆ ಎತಿಯೆನ್ ಪಾಸ್ಕಲ್ ತೆರಿಗೆ ವ್ಯಾಜ್ಯಗಳನ್ನು ವಿಚಾರಿಸುವ ನ್ಯಾಯಾಲಯದಲ್ಲಿ ಉನ್ನತ ಅಧಿಕಾರಿ. ಗಣಿತದಲ್ಲಿಯೂ ಪಾಂಡಿತ್ಯ ಪಡೆದವರು. ತಾಯಿ ಆಂತ್ವಾನೆತ್ 1626ರಲ್ಲಿ ತೀರಿಕೊಂಡಾಗ ಬ್ಲೇಸ್‌ಗೆ ಕೇವಲ ಮೂರು ವರ್ಷ. ಅಕ್ಕ ಜಿಲ್ಬೆರ್ತ್‌ಗೆ ಆರು ವರ್ಷ, ತಂಗಿ ಜಾಕ್ಲೀನ್ ಇನ್ನೂ ಹಸುಗೂಸು.

ಎತಿಯೆನ್ ಮತ್ತೆ ಮದುವೆಯಾಗಲಿಲ್ಲ. 1631ರಲ್ಲಿ ಮೂವರು ಮಕ್ಕಳನ್ನು ಕರೆದುಕೊಂಡು ಪ್ಯಾರಿಸ್ ನಗರಕ್ಕೆ ಬಂದು ನೆಲೆಸಿದರು. ತಮ್ಮ ಅಧಿಕಾರದ ಹುದ್ದೆಯನ್ನು ಬಿಟ್ಟುಕೊಟ್ಟು, ಮಕ್ಕಳ ವಿದ್ಯಾಭ್ಯಾಸದ ಹೊಣೆಯನ್ನು ತಾವೇ ಹೊತ್ತರು. ಆಗಿನ ಕಾಲದಲ್ಲಿ ಅನುಕೂಲಸ್ಥರ ಮಕ್ಕಳು ಪ್ರಸಿದ್ಧ ಕಾಲೇಜುಗಳಿಗೆ ಹೋಗುವುದು ವಾಡಿಕೆ. ಎತಿಯೆನ್ ಮಗನನ್ನು ಎಲ್ಲಿಗೂ ಕಳುಹಿಸಲಿಲ್ಲ, ಪಾಠ ಹೇಳುವ ಗುರುವನ್ನು ಮನೆಗೆ ನೇಮಿಸಿಕೊಳ್ಳಲೂ ಇಲ್ಲ. ತಾಯಿಯಿಲ್ಲದ ಮಕ್ಕಳಿಗೆ ತಂದೆಯೇ ತಾಯಿ, ತಂದೆಯೇ ಉಪಾಧ್ಯಾಯ.

ಅವರಿಗೆ ಒಂದು ನಿಯಮವಿತ್ತು. ಮಗುವಿಗೆ ಕೊಡುವ ಕೆಲಸಕ್ಕಿಂತ ಮಗುವಿನ ಶಕ್ತಿ ಯಾವಾಗಲೂ ಒಂದು ಮೆಟ್ಟಿಲು ಮೇಲಿರಬೇಕು. ಪಾಠ ಮಗುವನ್ನು ಮುಳುಗಿಸಬಾರದು, ಮಗುವೇ ಪಾಠವನ್ನು ಗೆಲ್ಲಬೇಕು. ಆದ್ದರಿಂದ ಮಗನಿಗೆ ಹನ್ನೆರಡು ವರ್ಷವಾಗುವವರೆಗೆ ಲ್ಯಾಟಿನ್ ಕಲಿಸುವುದಿಲ್ಲವೆಂದು ತೀರ್ಮಾನಿಸಿದರು. ಏಳೆಂಟು ವರ್ಷಕ್ಕೇ ಲ್ಯಾಟಿನ್ ವ್ಯಾಕರಣವನ್ನು ಉರು ಹೊಡೆಸುತ್ತಿದ್ದ ಆ ಕಾಲದಲ್ಲಿ ಇದು ಅಪರೂಪದ ತೀರ್ಮಾನ. ಅದಕ್ಕೆ ಬದಲಾಗಿ ಭಾಷೆ ಎಂದರೇನು, ಜನರ ಮಾತಿನಿಂದ ವ್ಯಾಕರಣದ ನಿಯಮಗಳು ಹೇಗೆ ಹುಟ್ಟುತ್ತವೆ, ನಿಯಮಕ್ಕೆ ಹೊರತಾದವು ಏಕಿರುತ್ತವೆ ಎಂಬುದನ್ನು ಮಾತುಕತೆಯಲ್ಲಿಯೇ ತಿಳಿಸಿಕೊಟ್ಟರು. ಕಾರಣ ತಿಳಿದ ಮೇಲೆ ನಿಯಮ ಭಾರವಾಗುವುದಿಲ್ಲ ಎಂಬುದು ಅವರ ನಂಬಿಕೆ.

ಪಿಂಗಾಣಿ ತಟ್ಟೆಯ ನಾದ

ಹೆಚ್ಚಿನ ಪಾಠಗಳು ನಡೆದದ್ದು ಊಟದ ಮೇಜಿನ ಬಳಿ. ಒಂದು ದಿನ ಯಾರೋ ಊಟಕ್ಕೆ ಕುಳಿತಾಗ ಚಾಕುವಿನಿಂದ ಪಿಂಗಾಣಿ ತಟ್ಟೆಯನ್ನು ತಟ್ಟಿದರಂತೆ. ತಟ್ಟೆ ಟಣ್ ಎಂದು ನಾದ ಹೊಮ್ಮಿಸಿತು. ಕೈಯಿಟ್ಟೊಡನೆ ನಾದ ನಿಂತಿತು. ನಾವಾದರೆ ಮಕ್ಕಳಿಗೆ ತಟ್ಟೆ ಒಡೆದೀಯೆ ಎಂದು ಗದರಿಸಿ ಸುಮ್ಮನಾಗುತ್ತಿದ್ದೆವು. ಬಾಲಕ ಬ್ಲೇಸ್‌ಗೆ ಅದು ಏಕೆ ಹಾಗಾಯಿತು ಎಂಬ ಪ್ರಶ್ನೆ ಹತ್ತಿತು. ಬೇರೆ ಬೇರೆ ವಸ್ತುಗಳನ್ನು ತಟ್ಟಿ ಪರೀಕ್ಷಿಸಿದ. ಹನ್ನೊಂದನೆಯ ವಯಸ್ಸಿನಲ್ಲಿ ಧ್ವನಿಯ ಬಗ್ಗೆ ಒಂದು ಪ್ರಬಂಧವನ್ನೇ ಬರೆದ. ಮುಂದೆ ಅಕ್ಷರಗಳ ಒಳಗಿನ ಧ್ವನಿಯನ್ನು ಹುಡುಕಿದ ಕಿವಿ ಬಾಲ್ಯದಲ್ಲಿಯೇ ಹೀಗೆ ತೆರೆದಿತ್ತು.

ತಂದೆಯ ಲೆಕ್ಕಾಚಾರ ಒಂದು ವಿಷಯದಲ್ಲಿ ತಪ್ಪಿತು. ರೇಖಾಗಣಿತದ ರುಚಿ ಹತ್ತಿದರೆ ಹುಡುಗ ಭಾಷೆಗಳನ್ನು ಕಡೆಗಣಿಸಿಯಾನು ಎಂದು ಹೆದರಿ, ಗಣಿತದ ಪುಸ್ತಕಗಳನ್ನೆಲ್ಲ ಅವರು ಬೀಗ ಹಾಕಿ ಇಟ್ಟಿದ್ದರು. ಆದರೆ ಹನ್ನೆರಡು ವರ್ಷದ ಬ್ಲೇಸ್ ಆಟದ ಕೋಣೆಯ ನೆಲದ ಮೇಲೆ ಇದ್ದಿಲಿನಿಂದ ಚಿತ್ರ ಬರೆಯುತ್ತಾ, ವೃತ್ತಕ್ಕೆ ‘ಗುಂಡು’, ರೇಖೆಗೆ ‘ಕೋಲು’ ಎಂಬಂತಹ ತನ್ನದೇ ಹೆಸರುಗಳನ್ನಿಟ್ಟುಕೊಂಡು, ತ್ರಿಕೋನದ ಮೂರು ಕೋನಗಳು ಸೇರಿದರೆ ಎರಡು ಲಂಬಕೋನಗಳಿಗೆ ಸಮ ಎಂಬ ಸತ್ಯದವರೆಗೆ ಒಬ್ಬನೇ ನಡೆದುಬಂದಿದ್ದ. ಅದನ್ನು ಕಂಡ ತಂದೆಗೆ ಮಾತು ಹೊರಡಲಿಲ್ಲ. ಸ್ನೇಹಿತನ ಮನೆಗೆ ಹೋಗಿ ಆನಂದದ ಕಣ್ಣೀರು ಸುರಿಸಿದರು. ಆಮೇಲೆ ಯೂಕ್ಲಿಡನ ಗ್ರಂಥವನ್ನು ಮಗನ ಕೈಗಿತ್ತರು. ಮೆರ್ಸೆನ್ ಎಂಬ ಸನ್ಯಾಸಿ ಗುರುಗಳ ಸುತ್ತ ಸೇರುತ್ತಿದ್ದ ವಿದ್ವಾಂಸರ ಕೂಟಕ್ಕೂ ಕರೆದೊಯ್ದರು.

ತಂದೆತಾಯಿಗಳೇ, ಇಲ್ಲಿ ಸ್ವಲ್ಪ ನಿಲ್ಲಿರಿ. ನಮ್ಮ ಮಕ್ಕಳೆಲ್ಲ ಪಾಸ್ಕಲರಾಗಲಾರರು. ಆಗಬೇಕಾದ ಅಗತ್ಯವೂ ಇಲ್ಲ. ಆದರೆ ಎತಿಯೆನ್ ಅವರಿಂದ ಕಲಿಯುವ ಮಾತೊಂದಿದೆ. ತಾವು ಹಾಕಿದ ಯೋಜನೆಗಿಂತ ಎದುರಿಗಿರುವ ಮಗು ದೊಡ್ಡದು ಎಂದು ಅವರು ಒಪ್ಪಿಕೊಂಡರು. ಯೋಜನೆಯನ್ನು ಬದಲಾಯಿಸಿದರು, ಮಗುವನ್ನಲ್ಲ.

ತಂದೆಗಾಗಿ ಒಂದು ಯಂತ್ರ

ಈ ಕುಟುಂಬಕ್ಕೆ ಕಷ್ಟಗಳೂ ಬಂದವು. ಸರ್ಕಾರದ ಸಾಲಪತ್ರಗಳ ಹಣಸಂದಾಯದಲ್ಲಿ ಕಡಿತವಾದಾಗ ಪ್ರತಿಭಟಿಸಿದವರಲ್ಲಿ ಎತಿಯೆನ್ ಕೂಡ ಒಬ್ಬರು. 1638ರಲ್ಲಿ ಮಂತ್ರಿ ಕಾರ್ಡಿನಲ್ ರಿಶ್ಲಿಯೂ ಅವರ ಕೋಪಕ್ಕೆ ಗುರಿಯಾಗಿ ತಲೆಮರೆಸಿಕೊಳ್ಳಬೇಕಾಯಿತು. ಮರುವರ್ಷ ಹದಿಮೂರರ ಜಾಕ್ಲೀನ್ ಅದೇ ಕಾರ್ಡಿನಲ್ಲರ ಮುಂದೆ ಮಕ್ಕಳ ನಾಟಕವೊಂದರಲ್ಲಿ ಅಭಿನಯಿಸಿ, ಅವರ ಮೆಚ್ಚುಗೆ ಗಳಿಸಿ, ತಂದೆಗೆ ಕ್ಷಮೆ ಬೇಡಿದಳು. ಕ್ಷಮೆ ಸಿಕ್ಕಿತು. 1639ರಲ್ಲಿ ಎತಿಯೆನ್ ನಾರ್ಮಂಡಿಯ ರೂಆನ್ ನಗರದಲ್ಲಿ ತೆರಿಗೆ ಅಧಿಕಾರಿಯಾಗಿ ನೇಮಕಗೊಂಡರು.

ರಾತ್ರಿಯೆಲ್ಲ ಲೆಕ್ಕ ಕೂಡಿಸುತ್ತಾ ದಣಿಯುತ್ತಿದ್ದ ತಂದೆಯನ್ನು ಕಂಡು ಮಗನ ಮನಸ್ಸು ಕರಗಿತು. 1642ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಹಲ್ಲುಚಕ್ರಗಳಿಂದ ಕೂಡುವ ಕಳೆಯುವ ಯಂತ್ರವೊಂದನ್ನು ಮಾಡತೊಡಗಿದರು. ಅದು ಸರಿಹೋಗುವವರೆಗೆ ಐವತ್ತಕ್ಕೂ ಹೆಚ್ಚು ಮಾದರಿಗಳನ್ನು ಮಾಡಿ ನೋಡಿದರು. ಇಂದಿನ ಕ್ಯಾಲ್ಕುಲೇಟರುಗಳ ಪೂರ್ವಜರಲ್ಲಿ ಒಂದಾದ ಆ ಯಂತ್ರ ಹುಟ್ಟಿದ್ದು ಪಿತೃಭಕ್ತಿಯಿಂದ. ಪಾಸ್ಕಲರ ಮನಸ್ಸಿನ ಒಂದು ಗುಣವನ್ನು ಇಲ್ಲಿ ಗುರುತಿಸಿಕೊಳ್ಳಿ. ಒಬ್ಬರು ಒಂದು ಕೆಲಸದಲ್ಲಿ ಬಳಲುತ್ತಿದ್ದರೆ, ಬಳಲುವವರನ್ನು ಅವರು ದೂರುತ್ತಿರಲಿಲ್ಲ. ಕೆಲಸದ ಒಳಗೆ ಇಳಿದು, ತೊಡಕು ಎಲ್ಲಿದೆ ಎಂದು ಹುಡುಕುತ್ತಿದ್ದರು.

ಅಣ್ಣ ಮತ್ತು ತಂಗಿ

1646ರ ಚಳಿಗಾಲದಲ್ಲಿ ಎತಿಯೆನ್ ಹಿಮದ ಮೇಲೆ ಜಾರಿ ಬಿದ್ದು ಸೊಂಟದ ಬಳಿಯ ಮೂಳೆಗೆ ಪೆಟ್ಟು ಮಾಡಿಕೊಂಡರು. ಚಿಕಿತ್ಸೆಗೆ ಬಂದ ಇಬ್ಬರು ಸಹೋದರರು ಸುಮಾರು ಮೂರು ತಿಂಗಳು ಆ ಮನೆಯಲ್ಲಿಯೇ ಉಳಿದರು. ಅವರು ದೃಢ ವಿಶ್ವಾಸಿಗಳು, ಪೋರ್ಟ್ ರಾಯಲ್ ಕನ್ಯಾಮಠದ ಸುತ್ತ ಬೆಳೆದಿದ್ದ ಕಠಿಣ ಭಕ್ತಿಮಾರ್ಗದ ಅನುಯಾಯಿಗಳು. ಅವರ ಸಹವಾಸದಿಂದ ಇಡೀ ಕುಟುಂಬ ದೇವರ ಕಡೆಗೆ ಹೊಸದಾಗಿ ತಿರುಗಿತು.

1651ರ ಸೆಪ್ಟೆಂಬರಿನಲ್ಲಿ ತಂದೆ ತೀರಿಕೊಂಡರು. ಮರುವರ್ಷದ ಜನವರಿಯಲ್ಲಿ ಜಾಕ್ಲೀನ್ ಪೋರ್ಟ್ ರಾಯಲ್ ಕನ್ಯಾಮಠ ಸೇರಿದರು. ಅಣ್ಣನಿಗೆ ಇದು ಇಷ್ಟವಿರಲಿಲ್ಲ. ತಂದೆಯಿಲ್ಲದ ಮನೆಯಲ್ಲಿ ತಂಗಿಯೂ ಇಲ್ಲದಂತಾಗುವುದನ್ನು ಅವರು ಸಹಿಸಲಾರದೆ ಹೋದರು. ತಂಗಿ ಮಠಕ್ಕೆ ಕೊಡಬೇಕೆಂದಿದ್ದ ಆಸ್ತಿಯ ಪಾಲಿನ ವಿಷಯದಲ್ಲಿಯೂ ಮನಸ್ತಾಪವಾಯಿತು. ಕೊನೆಗೆ ಅಣ್ಣನೇ ಸೋತು ಒಪ್ಪಿಕೊಂಡರು. ದೇವರ ಕರೆಗೆ ಓಗೊಟ್ಟ ಮಕ್ಕಳ ಮನೆಗಳಲ್ಲಿ ಇಂತಹ ಕಣ್ಣೀರು ಇಂದಿಗೂ ಹೊಸದೇನಲ್ಲ.

1654ರ ನವೆಂಬರ್ 23ರ ರಾತ್ರಿ ಪಾಸ್ಕಲರಿಗೆ ದೇವರ ಸಾನ್ನಿಧ್ಯದ ಗಾಢ ಅನುಭವವಾಯಿತು. ಸುಮಾರು ಎರಡು ಗಂಟೆಗಳ ಕಾಲದ ಆ ಅನುಭವವನ್ನು ಅವರು ಕಾಗದದ ಮೇಲೆ ಬರೆದು, ತಮ್ಮ ಅಂಗಿಯ ಒಳಪದರದಲ್ಲಿ ಹೊಲಿದುಕೊಂಡರು. ಯಾರಿಗೂ ಹೇಳಲಿಲ್ಲ. ಮರಣಾನಂತರ ಸೇವಕನೊಬ್ಬನ ಕೈಗೆ ಅದು ಸಿಕ್ಕಿತು. 1655ರ ಜನವರಿಯಲ್ಲಿ ಅವರು ಧ್ಯಾನಕ್ಕಾಗಿ ಪೋರ್ಟ್ ರಾಯಲ್‌ಗೆ ಹೋದರು. ಮಕ್ಕಳ ಓದಿನ ಸಮಸ್ಯೆ ಅವರ ಗಮನವನ್ನು ಸೆಳೆದದ್ದು ಈ ಕಾಲದಲ್ಲಿ.

ಅಕ್ಷರದ ಹೆಸರು ಬೇರೆ, ದನಿ ಬೇರೆ

ಪೋರ್ಟ್ ರಾಯಲ್‌ನ ಆಶ್ರಯದಲ್ಲಿ ‘ಪುಟ್ಟ ಶಾಲೆಗಳು’ ಎಂಬ ಶಾಲೆಗಳು ನಡೆಯುತ್ತಿದ್ದವು. ಒಬ್ಬ ಗುರುವಿಗೆ ಐದಾರು ಮಕ್ಕಳು ಮಾತ್ರ. ಶಾಲೆ ಎನ್ನುವುದಕ್ಕಿಂತ ಅದೊಂದು ಮನೆಯೇ. ಮುಂದೆ ದೊಡ್ಡ ನಾಟಕಕಾರನಾದ ರಸೀನ್ ಅಲ್ಲಿ ಓದಿದವನು. ಬೇರೆ ಶಾಲೆಗಳು ಮಕ್ಕಳಿಗೆ ಅರ್ಥವಾಗದ ಲ್ಯಾಟಿನಿನಲ್ಲಿ ಓದು ಆರಂಭಿಸುತ್ತಿದ್ದರೆ, ಇಲ್ಲಿ ಮಕ್ಕಳು ಆಡುವ ಫ್ರೆಂಚ್ ಭಾಷೆಯಿಂದಲೇ ಆರಂಭ. ಕನ್ಯಾಮಠದಲ್ಲಿ ಹೆಣ್ಣುಮಕ್ಕಳಿಗೂ ಪಾಠವಿತ್ತು. ಆ ಮಕ್ಕಳ ಹೊಣೆ ಹೊತ್ತಿದ್ದವರು ಪಾಸ್ಕಲರ ತಂಗಿ, ಆಗಲೇ ಸಿಸ್ಟರ್ ಜಾಕ್ಲೀನ್ ಆಗಿದ್ದವರು.

ಸಮಸ್ಯೆ ಏನೆಂದು ಅರ್ಥವಾಗಲು ಮೊದಲು ನಮ್ಮ ಕನ್ನಡವನ್ನೇ ನೋಡಿ. ಮಗು ಅ, ರ, ಸ ಎಂದು ಮೂರು ಅಕ್ಷರಗಳನ್ನು ಒಂದರ ಹಿಂದೆ ಒಂದು ಹೇಳಿದರೆ ‘ಅರಸ’ ಎಂಬ ಪದ ತಾನಾಗಿ ಬಾಯಿಗೆ ಬರುತ್ತದೆ. ನಮ್ಮಲ್ಲಿ ಅಕ್ಷರದ ಹೆಸರೇ ಅದರ ದನಿ. ಇಂಗ್ಲಿಷಿನಲ್ಲಿ ಹಾಗಲ್ಲ. ಬೆಕ್ಕು ಎಂಬರ್ಥದ ಪದವನ್ನು ಓದಲು ಮಗು ಸಿ, ಎ, ಟಿ ಎನ್ನುತ್ತದೆ. ಈ ಮೂರನ್ನೂ ಸೇರಿಸಿದರೆ ಬರುವುದು ‘ಸಿಯೇಟಿ’, ‘ಕ್ಯಾಟ್’ ಅಲ್ಲ. ಆದರೂ ನಾವು ಮಗುವಿನಿಂದ ‘ಕ್ಯಾಟ್’ ಎಂಬ ಉತ್ತರವನ್ನೇ ನಿರೀಕ್ಷಿಸುತ್ತೇವೆ, ಬಾರದಿದ್ದರೆ ಸಿಟ್ಟಾಗುತ್ತೇವೆ. ಫ್ರೆಂಚ್ ಭಾಷೆಯಲ್ಲಿಯೂ ಇದೇ ಪೇಚು. ‘ಫ್ರಿ’ ಎಂಬ ಒಂದು ಉಚ್ಚಾರವನ್ನು ಓದಲು ಮಗು ಎಫ್, ಎರ್, ಇಗ್ರೆಕ್ ಎಂಬ ಮೂರು ಹೆಸರುಗಳನ್ನು ಹೇಳಬೇಕಿತ್ತು. ಆ ಮೂರರಲ್ಲಿ ‘ಫ್ರಿ’ ಎಲ್ಲಿದೆ?

ಪಾಸ್ಕಲ್ ಕಂಡ ತೊಡಕು ಇಷ್ಟೇ. ತಪ್ಪು ಮಗುವಿನ ಬುದ್ಧಿಯಲ್ಲಿಲ್ಲ. ಅಕ್ಷರಗಳಿಗೆ ದೊಡ್ಡವರು ಇಟ್ಟ ಹೆಸರುಗಳಲ್ಲಿದೆ. ಹಾಗಾದರೆ ಆ ಹೆಸರುಗಳನ್ನು ಆರಂಭದಲ್ಲಿ ಕಲಿಸುವುದೇ ಬೇಡ. ಸ್ವರಗಳನ್ನು ಅವುಗಳ ದನಿಯಿಂದಲೇ ಕರೆಯೋಣ. ವ್ಯಂಜನಗಳಿಗೆ, ಫ್ರೆಂಚ್ ಪದಗಳ ಕೊನೆಯಲ್ಲಿ ಬಹುಮಟ್ಟಿಗೆ ಕೇಳಿಸದೆ ಹೋಗುವ ಒಂದು ಹಗುರ ಸ್ವರವನ್ನು ಮಾತ್ರ ಸೇರಿಸಿ, ಅವುಗಳ ಸಹಜ ದನಿಯನ್ನೇ ಹೆಸರಾಗಿಸೋಣ. ಕಾಗುಣಿತ ಕಲಿಯುವಾಗ ನಾವು ಬರೆಯುವ ‘ಕ್’, ‘ಮ್’, ‘ಲ್’ ಎಂಬ ಅರೆ ಅಕ್ಷರಗಳನ್ನು ನೆನಪಿಸಿಕೊಂಡರೆ ಇದು ನಿಮಗೆ ಸುಲಭವಾಗಿ ಹೊಳೆಯುತ್ತದೆ.

ಹೀಗೆ ಯೋಚಿಸಿದವರಲ್ಲಿ ಪಾಸ್ಕಲ್ ಮೊದಲಿಗರೇನಲ್ಲ. ಜರ್ಮನಿಯ ವ್ಯಾಲೆಂಟಿನ್ ಇಕೆಲ್ಸಾಮರ್ 1527ರಲ್ಲಿಯೇ ದನಿಯಿಂದ ಓದು ಕಲಿಸುವ ಪುಸ್ತಕ ಪ್ರಕಟಿಸಿದ್ದ. ಆದರೆ ಫ್ರಾನ್ಸಿನಲ್ಲಿ ಈ ಕ್ರಮವನ್ನು ತರಗತಿಗೆ ತಂದವರಲ್ಲಿ ಪಾಸ್ಕಲರದು ದೊಡ್ಡ ಪಾತ್ರ.

1655ರ ಅಕ್ಟೋಬರಿನಲ್ಲಿ ಜಾಕ್ಲೀನ್ ಅಣ್ಣನಿಗೆ ಒಂದು ಪತ್ರ ಬರೆದರು. ಅಕ್ಷರಗಳ ಹೆಸರನ್ನು ಹೇಳಿಕೊಡದೆ ಓದಿಸುವ ಕ್ರಮದ ಎಲ್ಲ ವಿವರಗಳನ್ನೂ ತಿಳಿಸಬೇಕೆಂದು ಮಠದ ಹಿರಿಯ ತಾಯಂದಿರ ಅಪ್ಪಣೆಯಾಗಿತ್ತು. ಜೊತೆಗೆ ಅವರದೇ ಒಂದು ಸಂದೇಹವೂ ಇತ್ತು. ಪದದ ಆರಂಭದ ಅಕ್ಷರಗಳೇನೋ ಸರಿ. ಪದದ ಕೊನೆಯಲ್ಲಿ ಬರುವ ವ್ಯಂಜನಕ್ಕೆ ಮಕ್ಕಳು ಇಲ್ಲದ ಸ್ವರವನ್ನು ಸೇರಿಸದಂತೆ ಕಲಿಸುವುದು ಹೇಗೆ? ನೋಡಿ, ಮೇಧಾವಿಯ ಸಿದ್ಧಾಂತವನ್ನು ಪರೀಕ್ಷೆಗೆ ಒಡ್ಡಿದ್ದು ದಿನವೂ ಮಕ್ಕಳ ನಡುವೆ ಕುಳಿತಿದ್ದ ಉಪಾಧ್ಯಾಯಿನಿಯ ಪ್ರಶ್ನೆ. ಕೆಲವೇ ವರ್ಷಗಳ ಹಿಂದೆ ಆಸ್ತಿಗಾಗಿ ಮುನಿಸಿಕೊಂಡಿದ್ದ ಅಣ್ಣ ತಂಗಿ ಈಗ ಪುಟ್ಟ ಹುಡುಗಿಯರ ಅಕ್ಷರಾಭ್ಯಾಸಕ್ಕಾಗಿ ಪತ್ರ ವ್ಯವಹಾರ ನಡೆಸಿದ್ದರು.

1660ರಲ್ಲಿ ಆಂತ್ವಾನ್ ಅರ್ನೋ ಮತ್ತು ಕ್ಲೋದ್ ಲಾನ್ಸೆಲೋ ಪ್ರಕಟಿಸಿದ ಪ್ರಸಿದ್ಧ ವ್ಯಾಕರಣ ಗ್ರಂಥದ ಒಂದು ಪುಟ್ಟ ಅಧ್ಯಾಯದಲ್ಲಿ ಈ ಓದಿನ ಕ್ರಮ ಅಚ್ಚಾಯಿತು. ಅಧ್ಯಾಯ ಚಿಕ್ಕದು, ಆದರೆ ಇಂದಿನ ಫೋನಿಕ್ಸ್ ಪುಸ್ತಕಗಳ ಬೇರು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಪುಸ್ತಕ ಆರಿಸುವಾಗ

ಪ್ರಿಯ ತಂದೆತಾಯಿಗಳೇ, ಅಂಗಡಿಯಲ್ಲಿ ಪುಸ್ತಕ ಹಿಡಿದು ನಿಂತಾಗ ಪಾಸ್ಕಲ್ ಕುಟುಂಬ ನಿಮ್ಮ ಪಕ್ಕದಲ್ಲಿದೆಯೆಂದು ಭಾವಿಸಿಕೊಳ್ಳಿ. ಹೊದಿಕೆಯ ಮೇಲಿನ ಬಣ್ಣವನ್ನಾಗಲಿ, ಬೆಲೆಯನ್ನಾಗಲಿ ನೋಡಿ ಮರುಳಾಗಬೇಡಿ.

ಮೊದಲು, ಪುಸ್ತಕ ಅಕ್ಷರದ ದನಿಯಿಂದ ಆರಂಭವಾಗುತ್ತದೆಯೇ ನೋಡಿ. ಅಕ್ಷರಗಳ ಹೆಸರು ಮುಂದೆ ಬೇಕೇ ಬೇಕು. ನಿಘಂಟು ನೋಡಲು, ಕಾಗುಣಿತ ಹೇಳಲು ಅದಿಲ್ಲದೆ ಆಗದು. ಆದರೆ ಓದಿಗೆ ದನಿಯೇ ಬಾಗಿಲು.

ಎರಡನೆಯದಾಗಿ, ಎತಿಯೆನ್ ಅವರ ನಿಯಮ. ಪ್ರತಿ ಪುಟದಲ್ಲಿ ಬರುವ ಪದಗಳು ಅದುವರೆಗೆ ಕಲಿತ ದನಿಗಳಿಂದಲೇ ಆದವೋ? ನಾಲ್ಕು ದನಿ ಕಲಿಸಿ ಐದನೆಯ ಪುಟದಲ್ಲಿಯೇ ಇಪ್ಪತ್ತು ದನಿಗಳ ವಾಕ್ಯ ಕೊಡುವ ಪುಸ್ತಕ ಮಗುವನ್ನು ಊಹೆಗೆ ದೂಡುತ್ತದೆ. ಚಿತ್ರ ನೋಡಿ ಪದ ಊಹಿಸುವುದು ಓದಲ್ಲ. ಚಿತ್ರವನ್ನು ಕೈಯಿಂದ ಮುಚ್ಚಿ ಓದಿಸಿ ನೋಡಿ, ತಿಳಿಯುತ್ತದೆ.

ಮೂರನೆಯದಾಗಿ, ಎರಡು ದನಿಗಳುಳ್ಳ ಅಕ್ಷರಗಳನ್ನು ಪುಸ್ತಕ ಹೇಗೆ ನಿಭಾಯಿಸುತ್ತದೆ ನೋಡಿ. 1660ರ ಆ ಗ್ರಂಥ ಇದಕ್ಕೂ ದಾರಿ ತೋರಿಸಿತ್ತು. ಹೆಚ್ಚು ಬಳಕೆಯಲ್ಲಿರುವ ಸಹಜ ದನಿ ಮೊದಲು, ಉಳಿದದ್ದು ಆಮೇಲೆ ಪ್ರತ್ಯೇಕವಾಗಿ. ಇಂಗ್ಲಿಷಿನ ಸಿ ಅಕ್ಷರಕ್ಕೆ ‘ಕ್ಯಾಟ್’ ಪದದ ದನಿ ಗಟ್ಟಿಯಾದ ಮೇಲೆ ‘ಸಿಟಿ’ ಪದದ ದನಿ ಬರಲಿ. ಎರಡನ್ನೂ ಒಂದೇ ದಿನ ತುರುಕಬೇಡಿ.

ನಾಲ್ಕನೆಯದು ಜಾಕ್ಲೀನ್ ಅವರ ಸಂದೇಹ. ಇದು ನಮ್ಮ ಮನೆಗಳದ್ದೇ ಸಂದೇಹ. ಕನ್ನಡದ ನಾಲಿಗೆ ಪದದ ಕೊನೆಗೆ ಸ್ವರವನ್ನು ಬಯಸುತ್ತದೆ. ಬಸ್ ಎಂಬುದು ನಮಗೆ ಬಸ್ಸು, ಪೆನ್ ಪೆನ್ನು, ಕಾರ್ ಕಾರು. ಮಾತಿನಲ್ಲಿ ಅದು ಅಂದವೇ. ಆದರೆ ಇಂಗ್ಲಿಷ್ ಓದು ಕಲಿಸುವಾಗ ‘ಬ, ಅ, ಸ’ ಎಂದು ಹೇಳಿಕೊಟ್ಟರೆ ಮಗು ‘ಬಸ್’ ಎಂಬಲ್ಲಿಗೆ ತಲುಪುವುದು ಕಷ್ಟ. ‘ಬ್, ಅ, ಸ್’ ಎಂದು ಚುಟುಕಾಗಿ ಹೇಳಿ. ಮೊದಲು ನೀವೇ ಅಭ್ಯಾಸ ಮಾಡಿಕೊಳ್ಳಿ. ತಿಳಿಯದಿದ್ದರೆ ಉಪಾಧ್ಯಾಯರನ್ನು ಕೇಳಿ. ಸಿಸ್ಟರ್ ಜಾಕ್ಲೀನ್ ಕೇಳಲು ನಾಚಲಿಲ್ಲ.

ಐದನೆಯದಾಗಿ, ಓದು ಮತ್ತು ಕಾಗುಣಿತ ಜೊತೆಜೊತೆಯಾಗಿ ಸಾಗಲಿ. ಕಣ್ಣಿನಿಂದ ಓದಿದ ಪದವನ್ನು ಮಗು ಕಿವಿಯಿಂದ ಕೇಳಿ, ದನಿ ಬಿಡಿಸಿ ಬರೆಯಲಿ. ಉಚ್ಚರಿಸದ ಅಕ್ಷರಗಳು ಬಂದಾಗ ಬೇಸರಪಡಬೇಡಿ. ಫ್ರೆಂಚ್ ಭಾಷೆಯಲ್ಲಿ ಹೊಲಗಳು ಮತ್ತು ಹಾಡುಗಳು ಎಂಬರ್ಥದ ಎರಡು ಪದಗಳ ಉಚ್ಚಾರ ಒಂದೇ. ಬರೆಯುವಾಗ ಮಾತ್ರ ಒಂದರಲ್ಲಿ ಪಿ, ಇನ್ನೊಂದರಲ್ಲಿ ಟಿ ಮೌನವಾಗಿ ಕುಳಿತಿರುತ್ತದೆ. ಆ ಮೌನ ಅಕ್ಷರ ಪದದ ಮೂಲವನ್ನೂ ಅರ್ಥವನ್ನೂ ತೋರಿಸುತ್ತದೆಂದು ಅದೇ ವ್ಯಾಕರಣ ವಿವರಿಸಿದೆ. ಇಂಗ್ಲಿಷಿನ ‘ಸೈನ್’ ಪದದಲ್ಲಿ ಜಿ ಏಕಿದೆ ಎಂದು ಮಗು ಕೇಳಿದರೆ ‘ಸಿಗ್ನಲ್’ ಪದವನ್ನು ತೋರಿಸಿ. ಎಲ್ಲ ಪದಗಳಿಗೂ ಇಂತಹ ಕಾರಣ ಸಿಗದು. ಕೆಲವನ್ನು ಹಾಗೆಯೇ ನೆನಪಿಡಬೇಕು. ಆದರೆ ಕಾರಣ ಸಿಗುವಲ್ಲಿ ಕಾರಣ ಹೇಳಿ, ಬೆತ್ತ ತೋರಿಸಬೇಡಿ.

ಈ ಮಾರ್ಗಕ್ಕೆ ಇಂದಿನ ಸಂಶೋಧನೆಯ ಬೆಂಬಲವೂ ಇದೆ. 2000ದಲ್ಲಿ ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನಲ್ ಹಲವಾರು ಅಧ್ಯಯನಗಳನ್ನು ಪರಿಶೀಲಿಸಿ, ಕ್ರಮಬದ್ಧವಾಗಿ ದನಿ ಕಲಿಸುವುದರಿಂದ ಮಕ್ಕಳ ಓದಿಗೆ ಪ್ರಯೋಜನವಿದೆಯೆಂದು ವರದಿ ನೀಡಿತು. 2006ರಲ್ಲಿ ಇಂಗ್ಲೆಂಡಿನ ರೋಸ್ ವರದಿಯೂ ಇದನ್ನೇ ಶಿಫಾರಸು ಮಾಡಿತು. ಆದರೆ ದನಿ ಬಾಗಿಲು ಮಾತ್ರ, ಮನೆಯಲ್ಲ. ಕಥೆ ಕೇಳುವುದು, ಪದಗಳ ಅರ್ಥ ತಿಳಿಯುವುದು, ಮನೆಮಾತಿನಲ್ಲಿ ಹರಟುವುದು, ಇವೆಲ್ಲ ಇಲ್ಲದೆ ಬರಿಯ ದನಿಯಿಂದ ಓದು ತುಂಬಿಕೊಳ್ಳುವುದಿಲ್ಲ. ತಾಳ್ಮೆಯಿಂದ ಕಲಿಸಿದ ಮೇಲೂ ಮಗು ಬಹುಕಾಲ ತಡವರಿಸುತ್ತಿದ್ದರೆ ಕಣ್ಣು ಕಿವಿಗಳನ್ನು ಪರೀಕ್ಷಿಸಿ, ತಿಳಿದವರ ಸಲಹೆ ಪಡೆಯಿರಿ. ಡಿಸ್ಲೆಕ್ಸಿಯಾ ಎಂಬ ಓದಿನ ತೊಂದರೆ ಸೋಮಾರಿತನವಲ್ಲ, ಶಿಕ್ಷೆಯಿಂದ ಅದು ವಾಸಿಯಾಗುವುದೂ ಇಲ್ಲ.

ವಿವಾದದ ಬಿರುಗಾಳಿ

ಪೋರ್ಟ್ ರಾಯಲ್‌ನ ಕಥೆ ಸುಖಾಂತವಲ್ಲ. ಅಲ್ಲಿಯ ಹಲವರು ಯಾನ್ಸೆನ್ ಎಂಬ ಧರ್ಮಾಧ್ಯಕ್ಷರ ಬೋಧನೆಯ ಪ್ರಭಾವಕ್ಕೆ ಒಳಗಾಗಿದ್ದರು. ದೇವರ ಕೃಪೆಯ ಬಗ್ಗೆ ಆ ಪಂಥ ತಳೆದ ನಿಲುವು ಮನುಷ್ಯನ ಸ್ವಾತಂತ್ರ್ಯಕ್ಕೆ ಎಡೆಯಿಲ್ಲದಷ್ಟು ಕಠಿಣವೆಂದು ಕಂಡಿತು. 1653ರಲ್ಲಿ ಜಗದ್ಗುರು ಹತ್ತನೆಯ ಇನ್ನೊಸೆಂಟ್ ಅದಕ್ಕೆ ಸಂಬಂಧಿಸಿದ ಐದು ವಾಕ್ಯಗಳನ್ನು ಖಂಡಿಸಿದರು. ಮಠದ ಮಕ್ಕಳ ಶಿಸ್ತಿನಲ್ಲಿಯೂ ಆ ಕಾಠಿಣ್ಯದ ನೆರಳಿತ್ತು. ಅಲ್ಲಿನ ದೀರ್ಘ ಮೌನವನ್ನು ಇಂದು ಯಾವ ತಾಯಿಯೂ ಮಕ್ಕಳ ಮೇಲೆ ಹೇರಲಾರಳು. 1656 ಮತ್ತು 1657ರಲ್ಲಿ ಪಾಸ್ಕಲ್ ಗುಪ್ತನಾಮದಲ್ಲಿ ಹದಿನೆಂಟು ಪತ್ರಗಳನ್ನು ಪ್ರಕಟಿಸಿ ಪೋರ್ಟ್ ರಾಯಲ್ ಪರವಾಗಿಯೂ ಯೇಸುಸಭೆಯ ಕೆಲವು ನೀತಿಬೋಧಕರ ವಿರುದ್ಧವಾಗಿಯೂ ವಾದಿಸಿದರು. 1657ರಲ್ಲಿ ಆ ಪತ್ರಗಳು ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿದವು.

1660ರಲ್ಲಿ ಪುಟ್ಟ ಶಾಲೆಗಳು ಮುಚ್ಚಿಹೋದವು. ಓದಿನ ಕ್ರಮ ಪುಸ್ತಕವಾಗಿ ಬಂದ ವರ್ಷವೇ ಶಾಲೆಯ ಬಾಗಿಲು ಹಾಕಿತು. ಯಾನ್ಸೆನ್ ಬೋಧನೆಯನ್ನು ತಿರಸ್ಕರಿಸುವ ಪತ್ರಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಸಹಿ ಮಾಡಿದ ಜಾಕ್ಲೀನ್, 1661ರ ಅಕ್ಟೋಬರ್ 4ರಂದು ಮೂವತ್ತಾರರ ಪ್ರಾಯದಲ್ಲಿ ತೀರಿಕೊಂಡರು.

ಮುನ್ನೂರ ಅರವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ, 2023ರ ಜೂನ್ 19ರಂದು, ಪಾಸ್ಕಲರ ನಾನೂರನೆಯ ಜನ್ಮದಿನದಂದು ಜಗದ್ಗುರು ಫ್ರಾನ್ಸಿಸ್ ಅವರ ಬಗ್ಗೆ ಒಂದು ಪ್ರೇಷಿತ ಪತ್ರವನ್ನು ಹೊರಡಿಸಿದರು. ಫ್ರಾನ್ಸಿಸ್ ಸ್ವತಃ ಯೇಸುಸಭೆಯವರಾಗಿದ್ದರು ಎಂಬುದನ್ನು ನೆನೆಯಿರಿ. ಆ ಪಂಥದ ದೋಷವನ್ನು ಮರೆಮಾಚದೆ, ಪಾಸ್ಕಲರ ಪ್ರಾಮಾಣಿಕತೆಯನ್ನೂ ವಿಶ್ವಾಸವನ್ನೂ ಅವರು ಗೌರವದಿಂದ ಸ್ಮರಿಸಿದರು.

ಬಡವರ ನಡುವೆ

ಹದಿನೆಂಟನೆಯ ವಯಸ್ಸಿನಿಂದ ಪಾಸ್ಕಲರ ದೇಹ ನೋವಿಲ್ಲದ ದಿನವನ್ನೇ ಕಾಣಲಿಲ್ಲ. ಆದರೂ ಕೊನೆಯ ವರ್ಷ ಅವರು ಮಾಡಿದ ಕೆಲಸಗಳನ್ನು ನೋಡಿ. 1662ರ ಮಾರ್ಚಿನಲ್ಲಿ ಪ್ಯಾರಿಸ್ ನಗರದಲ್ಲಿ ಐದು ಸೂ ಕಾಸಿಗೆ ಪ್ರಯಾಣಿಸಬಹುದಾದ ಸಾರ್ವಜನಿಕ ಸಾರೋಟುಗಳನ್ನು ಓಡಿಸುವ ಯೋಜನೆಯನ್ನು ಜಾರಿಗೆ ತಂದರು. ಅದರಲ್ಲಿ ತಮಗೆ ಬರುವ ಹಣವನ್ನು ಬ್ಲುವಾ ಪ್ರದೇಶದ ಬಡವರಿಗೆ ಕಳುಹಿಸಬೇಕೆಂಬುದು ಅವರ ಇಚ್ಛೆ.

ತಮ್ಮ ಮನೆಯಲ್ಲಿ ಒಂದು ಬಡ ಕುಟುಂಬಕ್ಕೆ ಆಶ್ರಯ ಕೊಟ್ಟಿದ್ದರು. ಆ ಕುಟುಂಬದ ಮಗನಿಗೆ ಸಿಡುಬು ಬಂತು. ಪಾಸ್ಕಲರ ಆರೈಕೆಗೆ ದಿನವೂ ಬರುತ್ತಿದ್ದ ಅಕ್ಕ ಜಿಲ್ಬೆರ್ತ್ ಮೂಲಕ ಆಕೆಯ ಮಕ್ಕಳಿಗೆ ಸೋಂಕು ತಗಲುವ ಭಯವಿತ್ತು. ರೋಗಿ ಬಾಲಕನನ್ನು ಹೊರಗೆ ಕಳುಹಿಸುವ ಬದಲು ಪಾಸ್ಕಲರೇ, ಎದ್ದು ನಡೆಯಲಾರದ ಸ್ಥಿತಿಯಲ್ಲಿದ್ದರೂ, ತಮ್ಮ ಮನೆ ಬಿಟ್ಟು ಅಕ್ಕನ ಮನೆಗೆ ಹೋದರು. ಪರಮಪ್ರಸಾದವನ್ನು ಪದೇ ಪದೇ ಬೇಡಿದರೂ ಕಾಯಿಲೆ ಅಷ್ಟು ಗಂಭೀರವಲ್ಲವೆಂದು ವೈದ್ಯರು ತಡೆಯುತ್ತಿದ್ದರು. ಆಗ ಪಾಸ್ಕಲ್, ಒಬ್ಬ ಬಡ ರೋಗಿಯನ್ನಾದರೂ ಇದೇ ಮನೆಗೆ ಕರೆತಂದು ತಮಗೆ ಮಾಡುವ ಉಪಚಾರವನ್ನೇ ಅವನಿಗೂ ಮಾಡಿರೆಂದು ಕೇಳಿಕೊಂಡರು. ಪ್ರಭುವನ್ನು ಸ್ವೀಕರಿಸಲಾಗದಿದ್ದರೆ ಪ್ರಭುವಿನ ಬಡವರ ಜೊತೆಯಲ್ಲಾದರೂ ಇರೋಣ ಎಂಬುದು ಅವರ ಹಂಬಲ. ಕೊನೆಗೆ ಧರ್ಮಕೇಂದ್ರದ ಗುರು ಬರ್ರಿಯೆ ಅವರ ಕೈಯಿಂದ ಪರಮಪ್ರಸಾದವನ್ನೂ ಅಂತಿಮ ಸಂಸ್ಕಾರಗಳನ್ನೂ ಸ್ವೀಕರಿಸಿ, 1662ರ ಆಗಸ್ಟ್ 19ರಂದು, ಮೂವತ್ತೊಂಬತ್ತರ ಪ್ರಾಯದಲ್ಲಿ ದೇವರಲ್ಲಿ ವಿಶ್ರಮಿಸಿದರು. ಪ್ಯಾರಿಸ್ಸಿನ ಸೇಂಟ್ ಎತಿಯೆನ್ ದು ಮೋಂ ದೇವಾಲಯದಲ್ಲಿ ಅವರ ಸಮಾಧಿಯಿದೆ.

ಪ್ರಿಯರೇ, ತಂದೆಯ ಲೆಕ್ಕದ ಭಾರ, ಎಳೆಯರ ಓದಿನ ಭಾರ, ಬಡವರ ನಡಿಗೆಯ ಭಾರ, ಸಿಡುಬು ಹತ್ತಿದ ಹುಡುಗನ ಭಾರ, ಎಲ್ಲಿಯೂ ಪಾಸ್ಕಲ್ ಮಾಡಿದ್ದು ಒಂದೇ ಕೆಲಸ. ಬಲಹೀನರ ದಾರಿಯಲ್ಲಿದ್ದ ಕಲ್ಲನ್ನು ಸರಿಸಿದರು. ಪುಟ್ಟ ಮಕ್ಕಳ ದಾರಿಗೆ ಎಡರುಗಲ್ಲು ಇಡುವವರನ್ನು ನಮ್ಮ ಪ್ರಭು ಎಷ್ಟು ಕಟುವಾಗಿ ಎಚ್ಚರಿಸಿದ್ದಾರೆಂಬುದು ನಿಮಗೆ ತಿಳಿದೇ ಇದೆ. ಇಂದು ಸಂಜೆ ನಿಮ್ಮ ಮಗು ಒಂದು ಪದದ ಮುಂದೆ ನಿಂತುಬಿಟ್ಟರೆ, ದನಿ ಏರಿಸುವ ಮೊದಲು ಪಕ್ಕಕ್ಕೆ ಬಂದು ಕುಳಿತುಕೊಳ್ಳಿ. ಆ ಪದದಲ್ಲಿ ಕಲ್ಲು ಎಲ್ಲಿದೆ ಎಂದು ಮಗುವಿನ ಜೊತೆಯಲ್ಲಿಯೇ ಹುಡುಕಿ. ಸಿಕ್ಕರೆ ಅದನ್ನು ಸರಿಸಿ, ಇನ್ನೊಮ್ಮೆ ಓದಿಸಿ.